ಕ್ಷೇಮ ಕೇಳದ ಸಂತೆ

ನಮ್ಮ ಕಡೆ ದಾರಿಯಲ್ಲಿ ಇಬ್ಬರು ಎದುರಾದರೆ ಕ್ಷೇಮಸಮಾಚಾರ ಮುಗಿಯುವುದರೊಳಗೆ ಬಿಸಿಲು ಒಂದು ಮಾರು ಸರಿದಿರುತ್ತದೆ. ರಾತ್ರಿ ಚೆನ್ನಾಗಿ ಕಳೆಯಿತಾ, ನೀನು ಚೆನ್ನಾಗಿದ್ದೀಯಾ, ಗಂಡ ಚೆನ್ನಾಗಿದ್ದಾನಾ, ಮಕ್ಕಳು, ಹಸು, ಹೇಸರಗತ್ತೆ, ಅತ್ತೆ. ಹೇಸರಗತ್ತೆಯ ನಂತರ ಅತ್ತೆಯನ್ನು ಕೇಳಿದ್ದಕ್ಕೆ ಎರಡು ಮನೆಗಳು ಮಾತು ಬಿಟ್ಟದ್ದನ್ನೂ ನಾನು ಕಂಡಿದ್ದೇನೆ. ಉತ್ತರ ಮಾತ್ರ ಯಾವಾಗಲೂ ಒಂದೇ. ಚೆನ್ನಾಗಿದೆ, ದೇವರ ದಯ. ಮನೆಯ ಸೂರು ಗಾಳಿಗೆ ಹಾರಿಹೋಗಿದ್ದರೂ ಮೊದಲು ಚೆನ್ನಾಗಿದೆ ಎನ್ನಬೇಕು, ಆಮೇಲೆ ಸೂರಿನ ಮಾತು.

ಒಬ್ಬರನ್ನು ಮಾತ್ರ ನಾವು ಕ್ಷೇಮ ಕೇಳುವುದಿಲ್ಲ. ಸಾವಾದ ಮನೆಯವರನ್ನು. ನಲವತ್ತು ದಿನ ಮುಗಿಯುವವರೆಗೆ ಅವರ ಹತ್ತಿರ ಹೋಗಿ ಹೆಗಲ ಮೇಲೆ ಕೈಯಿಟ್ಟು, ತಲೆ ತಗ್ಗಿಸಿ, ಸುಮ್ಮನೆ ಮುಂದೆ ಹೋಗುತ್ತೇವೆ. ಮಗನನ್ನು ಕಳೆದುಕೊಂಡವಳನ್ನು ನಿಲ್ಲಿಸಿ ಮಕ್ಕಳು ಚೆನ್ನಾಗಿದ್ದಾರಾ ಎಂದು ಯಾವ ಬಾಯಿಂದ ಕೇಳುವುದು? ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ನಡೆಯುವುದನ್ನು ಕಲಿತ ಹಾಗೆ ಬಂದುಬಿಡುತ್ತದೆ. ಆ ವರ್ಷ ಈ ಒಳ್ಳೆಯ ನಡತೆಯೇ ನಮ್ಮ ಕೊರಳಿಗೆ ಉರುಲಾಯಿತು.

ನಾನು ಬೆಲಾಯ್ನೆಶ್. ಗೆಲಾ ಅಂಬಾ ಊರಿನಲ್ಲಿ ತೆಲ್ಲಾ ಕಾಸಿ ಮಾರುವವಳು. ಬಾರ್ಲಿಯಿಂದ ಮಾಡುವ ಈ ಮಂದ ಬೀರು ಕುಡಿದು ಬಾಯಿ ಬಿಡದ ಗಂಡಸನ್ನು ದೇವರು ಇನ್ನೂ ಹುಟ್ಟಿಸಿಲ್ಲ, ಹಾಗಾಗಿ ಊರ ಸುದ್ದಿಯೆಲ್ಲ ಮೊದಲು ನನ್ನ ಕಿವಿಗೆ ಬೀಳುತ್ತಿತ್ತು. ಇಟಲಿಯ ಫೆರೆಂಜಿಗಳು, ಆ ಬಿಳಿಯರು, ಆಕಾಶದಿಂದ ವಿಷ ಸುರಿದು ನಮ್ಮ ನೆಲಕ್ಕೆ ಕಾಲಿಟ್ಟು ಆಗ ಮೂರನೇ ವರ್ಷ. ಗುಡ್ಡದ ಮೇಲೆ ಕೋಟೆ ಕಟ್ಟಿಕೊಂಡಿದ್ದರು. ಕೋಟೆಯ ಬಾಗಿಲಲ್ಲಿ ಅವರ ದೊರೆಯ ಚಿತ್ರ, ಹಲ್ಲುನೋವು ಬಂದವನಂತೆ ದವಡೆ ಮುಂದೆ ಮಾಡಿಕೊಂಡು. ಅಲ್ಲಿಂದ ಇಳಿದುಬರುತ್ತಿದ್ದ ಕರಿಯಂಗಿ ತೊಟ್ಟ ಅವರ ದಂಡಿನ ಅಧಿಕಾರಿಗೆ ನಾವಿಟ್ಟ ಹೆಸರು ಬೂಟಿನ ಸಾಹೇಬ. ಸಗಣಿ ಕಂಡರೆ ಹಾವು ಕಂಡವನಂತೆ ಹಾರುತ್ತಿದ್ದ.

ನಮ್ಮ ಗಂಡಸರು ಕೋವಿ ಹಿಡಿದು ಕೆಳಗಿನ ಕಣಿವೆಗೆ ಇಳಿದಿದ್ದರು. ದೇಶ ಬಿಡುಗಡೆಯಾಗುವವರೆಗೆ ತಲೆಗೂದಲು ಕತ್ತರಿಸುವುದಿಲ್ಲ ಎಂದು ಹರಕೆ ಹೊತ್ತವರು. ಅವರ ಹೊಟ್ಟೆ, ಅವರ ತೋಟಾ, ಅವರ ಕಿವಿ ಎಲ್ಲವೂ ನಾವು ಹೆಂಗಸರೇ. ನಾನು ತೆಲ್ಲಾ ಗಡಿಗೆಯ ತಳದ ಗಸಿಯಲ್ಲಿ ತೋಟಾ ಹೂತಿಡುತ್ತಿದ್ದೆ. ಒಬ್ಬಳು ಉಪ್ಪು ಕೊಟ್ಟರೆ ಇನ್ನೊಬ್ಬಳು ಒಣಗಿಸಿದ ಇಂಜೆರಾ ರೊಟ್ಟಿ ಕೊಡುತ್ತಿದ್ದಳು. ಎಲ್ಲವೂ ಹೋಗಿ ಸೇರುತ್ತಿದ್ದದ್ದು ಅಸ್ಕಾಲೆಯ ಮನೆಗೆ. ಅವಳ ಮನೆ ಊರಿನ ಕೊನೆಯದು, ಹಿತ್ತಲಿನಿಂದ ಕಣಿವೆಗೆ ಕಾಲುದಾರಿ. ಅವಳ ಇಬ್ಬರು ಗಂಡುಮಕ್ಕಳೂ ಕಣಿವೆಯಲ್ಲಿ. ಮನೆಯಲ್ಲಿ ಸೊಸೆ, ಕಿರಿಯವನ ಹೆಂಡತಿ, ಅವಳ ಎರಡು ತಿಂಗಳ ಕೂಸು. ಆ ಮನೆಯೊಂದು ಸಿಕ್ಕಿಬಿದ್ದರೆ ಕೂಸಿನಿಂದ ಹಿಡಿದು ಕಣಿವೆಯ ಕೊನೆಯ ಕೋವಿಯವರೆಗೆ ಎಲ್ಲ ಮುಗಿದ ಹಾಗೆ.

ಒಂದು ಬುಧವಾರ, ಸಂತೆ ಕೂಡುವ ಹೊತ್ತಿಗೆ, ಸಂತೆಯ ದೊಡ್ಡ ಅತ್ತಿಮರಕ್ಕೆ ಒಂದು ಹೆಣ ತೂಗುಹಾಕಿದರು. ಹಿಂದಿನ ದಿನ ಹೊಳೆಯ ಹತ್ತಿರ ಹೊಡೆದದ್ದಂತೆ. ಶಿಬೇಶಿ, ಅಸ್ಕಾಲೆಯ ಹಿರಿಯ ಮಗ.

ಬೂಟಿನ ಸಾಹೇಬ ಒಂದು ಪೆಟ್ಟಿಗೆಯ ಮೇಲೆ ನಿಂತು ಹೇಳಿದ, ಪಕ್ಕದಲ್ಲಿ ದುಭಾಷಿ ತೆಸ್ಸೆಮಾ ಅದನ್ನು ನಮ್ಮ ಮಾತಿಗೆ ತಿರುಗಿಸಿದ. ಇವನನ್ನು ಹೆತ್ತ ಮನೆ ಯಾವುದೆಂದು ಹೇಳಿ. ಹೇಳದಿದ್ದರೆ ನಾವೇ ಕಂಡುಹಿಡಿಯುತ್ತೇವೆ. ಶನಿವಾರದ ಸಂತೆಗೆ ಪ್ರತಿ ಮನೆಯಿಂದ ಹೆಂಗಸು ಬರಲೇಬೇಕು, ಬಾರದ ಮನೆಯೇ ಕಳ್ಳಮನೆ. ಅಲ್ಲಿಯವರೆಗೆ ಅಳುವುದು, ಹೂಳುವುದು, ಪ್ರಾರ್ಥನೆ ಯಾವುದೂ ಇಲ್ಲ.

ತೆಸ್ಸೆಮಾನಿಗೆ ಸತ್ತವನ ಗುರುತು ಸಿಗಲಿಲ್ಲ. ಅವನು ಹೊಳೆಯಾಚೆಯ ಹಳ್ಳಿಯವನು, ಮಿಷನ್ ಶಾಲೆಯಲ್ಲಿ ಓದಿ ಅವರ ಭಾಷೆ ಕಲಿತವನು. ಶಿಬೇಶಿ ಕಣಿವೆಗೆ ಇಳಿದಾಗ ಬೋಳಿಸಿದ ನುಣ್ಣನೆಯ ಮುಖ, ಈಗ ಮುಖದ ತುಂಬ ಗಡ್ಡ, ಹೆಗಲವರೆಗೆ ಕೂದಲು.

ಅಸ್ಕಾಲೆ ಅಂದು ತೆಲ್ಲಾಕ್ಕೆ ಹಾಕುವ ಕಹಿ ಸೊಪ್ಪು ಮಾರಲು ಬಂದಿದ್ದಳು. ಮರದ ಕಡೆ ಒಮ್ಮೆ ನೋಡಿದಳು. ಬುಟ್ಟಿ ಇಳಿಸಿದಳು. ಸೊಪ್ಪನ್ನು ಸಣ್ಣ ಸಣ್ಣ ಗುಪ್ಪೆ ಮಾಡಿ ಚೀಲದ ಮೇಲೆ ಜೋಡಿಸಿದಳು, ಒಂದೊಂದಕ್ಕೂ ನೀರು ಚಿಮುಕಿಸಿದಳು. ಅಷ್ಟು ಅಚ್ಚುಕಟ್ಟಾಗಿ ಅವಳು ಯಾವತ್ತೂ ಸೊಪ್ಪು ಜೋಡಿಸಿದವಳಲ್ಲ. ನಾನು ಅವಳ ಹತ್ತಿರ ಹೋದೆ. ಒಂದು ಗುಪ್ಪೆ ಎತ್ತಿಕೊಂಡೆ. ಹೆಗಲ ಮೇಲೆ ಕೈಯಿಟ್ಟು, ತಲೆ ತಗ್ಗಿಸಿ, ಸುಮ್ಮನೆ ವಾಪಸು ಬಂದೆ. ನನ್ನ ಹಿಂದೆ ಬಂದವಳೂ ಹಾಗೇ ಮಾಡಿದಳು, ಅವಳ ಹಿಂದಿನವಳೂ. ಎಂಥ ಜಾಣೆಯರು ನಾವು. ಬಾಯಿಗೆ ಬೀಗ ಹಾಕಿದ್ದೇವೆ ಎಂದು ಬೀಗುತ್ತಿದ್ದೆವು, ಆ ಬೀಗವೇ ಮನೆ ತೋರಿಸುತ್ತದೆ ಎಂದು ಒಬ್ಬಳಿಗೂ ಹೊಳೆಯಲಿಲ್ಲ.

ಹೊಳೆದದ್ದು ತೆಸ್ಸೆಮಾನಿಗೆ. ಗುರುವಾರ ಸಂಜೆ ನನ್ನಲ್ಲಿಗೆ ಬಂದು ಕೂತ. ಅವನು ಬಂದರೆ ಉಳಿದವರೆಲ್ಲ ತಟ್ಟನೆ ಎದ್ದುಹೋಗುವುದು ವಾಡಿಕೆ, ಅಂದೂ ಹೋದರು.

"ಬೆಲಾಯ್ನೆಶಕ್ಕ, ನಿನ್ನ ತೆಲ್ಲಾ ಯಾಕೋ ಹುಳಿಯಾಗಿದೆ" ಎಂದ.

"ಕುಡಿಯೋರ ಮುಖ ನೋಡಿ ಹುಳಿಯಾಗುತ್ತೆ ಕಣಪ್ಪ" ಎಂದೆ.

ಅವನು ನಕ್ಕ. ಮೂರನೇ ಬಟ್ಟಲಿಗೆ ನಗು ನಿಂತಿತು. ಬಟ್ಟಲನ್ನು ಕೈಯಲ್ಲಿ ತಿರುಗಿಸುತ್ತಾ ನನ್ನ ಮುಖ ನೋಡದೆ ಹೇಳಿದ: "ನಿನ್ನೆ ಸಂತೇಲಿ ಎಲ್ಲರೂ ಎಲ್ಲರನ್ನೂ ಕ್ಷೇಮ ಕೇಳಿದ್ರು. ಒಬ್ಬಳನ್ನ ಮಾತ್ರ ಯಾರೂ ಕೇಳಲಿಲ್ಲ. ನಾನು ದೂರ ಕೂತಿದ್ದೆ, ಬೆನ್ನು ಮಾತ್ರ ಕಂಡಿತು. ಎಲ್ಲರದ್ದೂ ಅದೇ ಬಿಳಿ ಹೊದಿಕೆ, ಯಾರು ಅಂತ ಹೇಳೋದು? ಶನಿವಾರ ಹತ್ತಿರ ಕೂತ್ಕೋತೀನಿ. ಸಾಹೇಬರಿಗೂ ಹೇಳಿದೀನಿ."

ನನ್ನನ್ನು ಹೆದರಿಸಲು ಹೇಳಿದನೋ, ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದೆ ಹೇಳಿದನೋ ಇವತ್ತಿಗೂ ನನಗೆ ಗೊತ್ತಿಲ್ಲ. ಉಂಡ ಮನೆಯ ಜಂತೆ ಎಣಿಸುವವನು ಎಂದು ಅವನ ಬೆನ್ನಿಗೆ ಉಗಿದೆ. ಬಟ್ಟಲನ್ನು ಮೂರು ಸಲ ಬೂದಿ ಹಾಕಿ ತಿಕ್ಕಿದೆ.

ಶುಕ್ರವಾರ ಬೆಳಿಗ್ಗೆ ನೀರಿನ ಒರತೆಯ ಹತ್ತಿರ ಹೆಂಗಸರನ್ನೆಲ್ಲ ಸೇರಿಸಿ ವಿಷಯ ಹೇಳಿದೆ. ಪರಿಹಾರ ಸುಲಭ ಎಂದೇ ನಾನು ತಿಳಿದಿದ್ದೆ. ನಾಳೆ ಎಲ್ಲರೂ ಅಸ್ಕಾಲೆಯನ್ನು ಎಂದಿನಂತೆ ಕ್ಷೇಮ ಕೇಳುವುದು, ಅವಳು ಎಂದಿನಂತೆ ಉತ್ತರ ಕೊಡುವುದು, ತೆಸ್ಸೆಮಾ ಬೆರಳು ಚೀಪುವುದು. ಎಲ್ಲರೂ ತಲೆಯಾಡಿಸಿದರು. ಅಸ್ಕಾಲೆ ಗಡಿಗೆ ಕೆಳಗಿಟ್ಟು ನನ್ನ ಎದುರಿಗೆ ಬಂದು ನಿಂತಳು. ಮೂರು ದಿನದಿಂದ ಅವಳ ಕಣ್ಣಿನಲ್ಲಿ ಒಂದು ಹನಿ ಇಳಿದಿರಲಿಲ್ಲ. ಕಣ್ಣು ಒಣಗಿ ಕೆಂಪಗೆ ಉರಿಯುತ್ತಿತ್ತು.

"ಈಗಲೇ ಕೇಳು. ಅಭ್ಯಾಸ ಆಗ್ಲಿ" ಎಂದಳು.

ರಾತ್ರಿ ಚೆನ್ನಾಗಿ ಕಳೆಯಿತಾ ಎಂದು ಕೇಳಿದೆ. ಚೆನ್ನಾಗಿ ಕಳೆಯಿತು, ದೇವರ ದಯ ಎಂದಳು. ಹಸು, ಹೇಸರಗತ್ತೆ, ಸೊಸೆ, ಕೂಸು. ಎಲ್ಲವೂ ಚೆನ್ನಾಗಿತ್ತು. ಮುಂದಿನದು ಕೇಳಲು ನನ್ನ ನಾಲಿಗೆ ಏಳಲಿಲ್ಲ. ಊರಿನಲ್ಲಿ ನನ್ನ ನಾಲಿಗೆಗೆ ಹೆದರದವರಿಲ್ಲ, ಅಂಥದ್ದು ಅಂಗುಳಿಗೆ ಅಂಟಿಕೊಂಡಿತು.

"ಕೇಳೇ" ಎಂದಳು ಅಸ್ಕಾಲೆ.

"ಗಂಡುಮಕ್ಕಳು ಚೆನ್ನಾಗಿದಾರಾ?"

ಅವಳು ಬಾಯಿ ತೆರೆದಳು. "ಚೆನ್ನಾಗಿ" ಎಂಬುದರವರೆಗೆ ಬಂತು. ಅಲ್ಲಿಂದ ಮುಂದೆ ಬಾರದೆ, ಗಂಟಲಿನಿಂದ ಒಂದು ಶಬ್ದ ಹೊರಟಿತು. ಅದನ್ನು ಅಳು ಎನ್ನಲಾರೆ, ನೊಗ ಮುರಿಯುವಾಗ ಅಂಥ ಶಬ್ದ ಬರುತ್ತದೆ. ನಾನು ಅವಳ ಬಾಯಿಗೆ ನನ್ನ ಹೊದಿಕೆ ಒತ್ತಿ ಹಿಡಿದೆ. ಸುತ್ತಲಿನವರು ಮುಖ ತಿರುಗಿಸಿ ಅತ್ತರು. ಒಬ್ಬಳು ಕೇಳಿದ್ದಕ್ಕೇ ಹೀಗಾದರೆ ನಾಳೆ ಸಂತೆಯೆಲ್ಲ ಕೇಳಿದರೆ ಅವಳು ಉಳಿಯುವುದಿಲ್ಲ ಎಂದು ಎಲ್ಲರಿಗೂ ತಿಳಿಯಿತು.

ಆಗ ಹಿಂದಿನಿಂದ ಒಂದು ಧ್ವನಿ ಬಂತು. "ಅವಳನ್ನ ಕೇಳೋಕೆ ಆಗದಿದ್ರೆ ಯಾರನ್ನೂ ಕೇಳಬೇಡಿ."

ತಿರುಗಿ ನೋಡಿದರೆ ಲಾಕೆಚ್ ಅಜ್ಜಿ. ನಾವೆಲ್ಲ ಅಸ್ಕಾಲೆಗೆ ಅಡ್ಡವಾಗಿ ನಿಂತೆವು. ಏಕೆಂದರೆ ಲಾಕೆಚ್ ಬೇರೆ ಯಾರೂ ಅಲ್ಲ, ತೆಸ್ಸೆಮಾನ ತಾಯಿ. ಹೊಳೆಯಾಚೆಯಿಂದ ಶುಕ್ರವಾರವೇ ಬಂದು ಶನಿವಾರದ ಸಂತೆಯಲ್ಲಿ ಮೆಣಸಿನಪುಡಿ ಮಾರುವ ಮುದುಕಿ, ಇರುವವನೊಬ್ಬನೇ ಮಗ. ಅವನು ಕೋಟೆ ಸೇರಿದ ಮೇಲೆ ಅವಳು ಬಂದ ಕಡೆ ಮಾತು ನಿಂತುಹೋಗುತ್ತಿತ್ತು. ಅವಳು ಎಷ್ಟು ಹೊತ್ತಿನಿಂದ ಅಲ್ಲಿದ್ದಳೋ, ಏನೆಲ್ಲ ಕೇಳಿಸಿಕೊಂಡಳೋ.

"ನನ್ನನ್ನ ಕಂಡರೆ ಬಾಯಿ ಮುಚ್ತೀರಿ, ಗೊತ್ತು" ಎಂದಳು. "ನಾಳೆ ಎಲ್ಲರನ್ನ ಕಂಡ್ರೂ ಹಾಗೇ ಮುಚ್ಚಿ. ಸಂತೇಲಿ ಒಬ್ಬಳು ಇನ್ನೊಬ್ಬಳಿಗೆ ಚೆನ್ನಾಗಿದೀಯಾ ಅನ್ನಬಾರದು. ಎಲ್ಲರ ಹೆಗಲ ಮೇಲೂ ಕೈಯಿಡಿ. ಅವನು ಯಾರನ್ನ ತೋರಿಸ್ತಾನೆ, ತೋರಿಸ್ಲಿ."

ನಂಬುವುದೋ ಬಿಡುವುದೋ ಎಂದು ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವಳೇ ಮುಂದೆ ಬಂದು ಅಸ್ಕಾಲೆಯ ಹೆಗಲ ಮೇಲೆ ಕೈಯಿಟ್ಟು ತಲೆ ತಗ್ಗಿಸಿದಳು. ನಮಗೆ ಬೇರೆ ದಾರಿಯೂ ಇರಲಿಲ್ಲ. ಒರತೆಯಿಂದ ಒರತೆಗೆ, ಹಿತ್ತಲಿನಿಂದ ಹಿತ್ತಲಿಗೆ ಮಾತು ಹೋಯಿತು, ಸಂಜೆಯೊಳಗೆ ಏಳು ಹಳ್ಳಿಗೆ ಮುಟ್ಟಿತು. ನಮ್ಮ ಹೆಂಗಸರ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎನ್ನುವ ಗಂಡಸರು ಆ ದಿನ ಬಂದು ನೋಡಬೇಕಿತ್ತು.

ಶನಿವಾರ ನಾನೂರು ಹೆಂಗಸರಾದರೂ ಬಂದಿದ್ದರು. ಬೂಟಿನ ಸಾಹೇಬ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡಿದ್ದ. ತೆಸ್ಸೆಮಾ ಸಂತೆಯ ನಟ್ಟನಡುವೆ ಕಲ್ಲಿನ ಮೇಲೆ. ಸುತ್ತ ಅಸ್ಕಾರಿಗಳು, ಫೆರೆಂಜಿಗಳ ಸಂಬಳ ತಿನ್ನುವ ನಮ್ಮಂಥದೇ ಮೈಬಣ್ಣದ ಸಿಪಾಯಿಗಳು. ನಮ್ಮ ಸಂತೆಯ ಗದ್ದಲ ಅರ್ಧ ಹರದಾರಿಗೆ ಕೇಳುತ್ತದೆ. ಅಂದು ಕೋಳಿಗಳ ಸದ್ದು, ಕತ್ತೆಗಳ ಸದ್ದು, ಕಾಳು ಅಳೆಯುವ ಸದ್ದು, ಅಷ್ಟೇ. ಒಬ್ಬಳು ಬರುವಳು, ಹೆಗಲ ಮೇಲೆ ಕೈಯಿಡುವಳು, ತಲೆ ತಗ್ಗಿಸುವಳು, ಹೋಗುವಳು. ಮೆಂತ್ಯ ಮಾರುವವಳಿಗೂ ಹಾಗೇ, ಗಡಿಗೆ ಮಾರುವವಳಿಗೂ ಹಾಗೇ. ಹಿಂದಿನ ವಾರವಷ್ಟೇ ಮದುವೆಯಾದ ಹುಡುಗಿಗೂ ಹಾಗೇ. ನನ್ನ ಜೊತೆ ಎಂಟು ವರ್ಷದಿಂದ ಮಾತು ಬಿಟ್ಟಿದ್ದ ವಾರಗಿತ್ತಿಯೂ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟಳು. ಅವಳ ಕೈ ಅಷ್ಟು ಭಾರ ಎಂದು ನನಗೆ ಗೊತ್ತಿರಲಿಲ್ಲ.

ಮೊದಮೊದಲು ತೆಸ್ಸೆಮಾ ಕತ್ತು ಚಾಚಿ ಚಾಚಿ ನೋಡಿದ. ಆಮೇಲೆ ಕಲ್ಲಿನಿಂದ ಎದ್ದು ನಿಂತ. ಸಾಹೇಬ ಕರೆದು ಯಾರವಳು ಎಂದು ಕೇಳಿರಬೇಕು. ತೆಸ್ಸೆಮಾ ಕೈಯಾಡಿಸಿ ಸಂತೆಯನ್ನೆಲ್ಲ ತೋರಿಸಿದ. ನಮ್ಮ ಸಾಲಿನಲ್ಲಿ ಯಾರೋ ಮೂಗಿನಲ್ಲಿ ನಕ್ಕರು. ನನಗೂ ನಗು ಬಂತು. ಸುಳ್ಳು ಯಾಕೆ ಹೇಳಲಿ, ಆ ಮರದ ಕೆಳಗೂ ನನಗೆ ನಗು ಬಂತು.

ಸಾಹೇಬನೂ ದಡ್ಡನಲ್ಲ. ಎದ್ದು, ಹಗ್ಗ ಕತ್ತರಿಸಿ ಎಂದು ಸಿಪಾಯಿಗಳಿಗೆ ಹೇಳಿದ.

ಶಿಬೇಶಿ ನೆಲಕ್ಕೆ ಬಿದ್ದ. ಬಿದ್ದ ಸದ್ದನ್ನು ನಾನು ಹೇಳುವುದಿಲ್ಲ. ಸಾಹೇಬ ತನ್ನ ಆ ಹೊಳೆಯುವ ಬೂಟನ್ನು ಅವನ ಮುಖದ ಮೇಲೆ ಇಟ್ಟು ನಮ್ಮ ಕಡೆ ನೋಡುತ್ತಾ ನಿಂತ. ಅಸ್ಕಾಲೆ ನನ್ನ ಪಕ್ಕದಲ್ಲಿದ್ದಳು. ಅವಳ ಕೈ ನನ್ನ ಕೈಯೊಳಗಿತ್ತು, ಉಗುರು ಚರ್ಮದೊಳಗೆ ಇಳಿಯಿತು. ಅವಳ ಬಾಯಿ ತೆರೆಯಿತು. ಮುಗಿಯಿತು ಎಂದುಕೊಂಡೆ.

ಅಷ್ಟರಲ್ಲಿ ಸಂತೆಯ ಆ ತುದಿಯಿಂದ ಚೀರು ಕೇಳಿತು. "ನನ್ನ ಮಗ ಸತ್ತ!"

ಲಾಕೆಚ್ ಅಜ್ಜಿ. ಮೆಣಸಿನಪುಡಿಯ ಬುಟ್ಟಿ ಒದ್ದು ಎದ್ದಿದ್ದಳು. ಹೊದಿಕೆಯನ್ನು ಮೈಯಿಂದ ಕಿತ್ತು, ಬಣ್ಣದ ಅಂಚು ಕೊರಳಿಗೆ ಬರುವಂತೆ ತಿರುಗಿಸಿ ಹೊದ್ದಳು. ನಮ್ಮಲ್ಲಿ ಅಂಚು ಕೊರಳಿಗೆ ಬಂದರೆ ಸೂತಕ. ಎದೆ ಬಡಿದುಕೊಳ್ಳುತ್ತಾ ಮರದ ಕಡೆ ನಡೆದಳು, ಜನ ಸರಿದು ದಾರಿ ಬಿಟ್ಟರು. ಸಾಹೇಬನ ಮುಖ ಅರಳಿತು. ಕೈ ತೋರಿಸಿದ. ಇಬ್ಬರು ಅಸ್ಕಾರಿಗಳು ಮುದುಕಿಯ ರಟ್ಟೆ ಹಿಡಿದರು.

ತೆಸ್ಸೆಮಾ ಓಡಿಬಂದ. ಅಸ್ಕಾರಿಗಳ ಕೈ ಬಿಡಿಸಲು ಹೋದ, ಸಾಹೇಬನಿಗೆ ಅವರ ಮಾತಿನಲ್ಲಿ ಏನೇನೋ ಬಡಬಡಿಸಿದ. ಸಂತೆಗೆ ಬಂದಿದ್ದ ಕೋಟೆಯ ಅಡುಗೆಯವನಿಗೆ ಅವರ ಮಾತು ಅಷ್ಟಿಷ್ಟು ತಿಳಿಯುತ್ತಿತ್ತು, ಆಮೇಲೆ ಅವನು ನಮಗೆ ಅದನ್ನೆಲ್ಲ ಬಿಡಿಸಿ ಹೇಳಿದ. ಇವಳಲ್ಲ ಎಂದನಂತೆ. ನಿನಗೆ ಹೇಗೆ ಗೊತ್ತು ಎಂದು ಸಾಹೇಬ. ಇವಳು ನನ್ನ ತಾಯಿ. ಹಾಗಾದರೆ ಈ ಬಿದ್ದವನು ನಿನ್ನ ತಮ್ಮನೋ? ಇಲ್ಲ, ಇವಳಿಗೆ ನಾನೊಬ್ಬನೇ ಮಗ. ಹಾಗಾದರೆ ಯಾರಿಗೆ ಅಳುತ್ತಿದ್ದಾಳೆ, ಕೇಳು.

ತನ್ನ ತಾಯಿಯನ್ನು ತಾನೇ ಕೇಳಿ ತಾನೇ ತಿರುಗಿಸಿ ಹೇಳಬೇಕು. ಕೋಟೆಗೆ ಬೇರೆ ದುಭಾಷಿ ಇರಲಿಲ್ಲ. ತೆಸ್ಸೆಮಾ ಮೆಲ್ಲಗೆ ಕೇಳಿದ: "ಅವ್ವಾ, ಯಾರಿಗೆ ಅಳ್ತಿದೀಯಾ ಅಂತ ಕೇಳ್ತಾರೆ."

ಲಾಕೆಚ್ ಮೆಲ್ಲಗೆ ಹೇಳಲಿಲ್ಲ. ಇಡೀ ಸಂತೆಗೆ ಕೇಳಿತು.

"ನನಗಿದ್ದದ್ದು ಒಬ್ಬನೇ ಮಗ. ಇವರ ಕೋಟೆ ಹೊಸಿಲು ದಾಟಿದ ದಿನ ಸತ್ತ. ಇಷ್ಟು ದಿನ ಅಳೋಕೆ ಒಂದು ಹೆಣ ಇರಲಿಲ್ಲ, ಇವತ್ತು ಸಿಕ್ಕಿದೆ. ತಿರುಗಿಸಿ ಹೇಳಪ್ಪ ಅವನಿಗೆ. ಒಂದಕ್ಷರ ಬಿಡದೆ ಹೇಳು."

ತೆಸ್ಸೆಮಾ ಹೇಳಲಿಲ್ಲ. ಸಾಹೇಬ ಗದರಿದ ಮೇಲೆ ಎರಡೇ ಮಾತು ಹೇಳಿದ.

ಅಷ್ಟು ಹೊತ್ತಿಗೆ ನನ್ನ ಕೈ ತಾನಾಗಿ ನನ್ನ ಹೊದಿಕೆಗೆ ಹೋಗಿತ್ತು. ಅಂಚು ಕೊರಳಿಗೆ ಬಂತು. ನನ್ನ ವಾರಗಿತ್ತಿಯದೂ ಬಂತು. ಮೆಂತ್ಯದವಳದು, ಗಡಿಗೆಯವಳದು, ಮದುಮಗಳದು. ನಾನೂರು ಹೊದಿಕೆಗಳು ತಿರುಗಿದವು. ಅಳು ಎದ್ದಿತು. ಯಾರಿಗೆ ಸತ್ತವರಿರಲಿಲ್ಲ ಹೇಳಿ, ಆ ಮೂರು ವರ್ಷದಲ್ಲಿ? ಅಳಬಾರದೆಂದು ಅಪ್ಪಣೆಯಾಗಿದ್ದ ಸಾವುಗಳೆಲ್ಲ ಅಂದು ಸಂತೆಗೆ ಬಂದವು. ನಾನು ನನ್ನ ಗಂಡನಿಗೆ ಅತ್ತೆ. ಕುಡಿದು ನನ್ನನ್ನು ಬಡಿಯುತ್ತಿದ್ದ, ಆದರೂ ವಿಷದ ಮಳೆಗೆ ಸಿಕ್ಕಿ ಚರ್ಮ ಸುಲಿದು ಸತ್ತ, ಅವನಿಗೆ ಅತ್ತೆ.

ನನ್ನ ಪಕ್ಕದಲ್ಲಿ ಅಸ್ಕಾಲೆ ಅಳುತ್ತಿದ್ದಳು. ಮಗನ ಹೆಸರು ಹಿಡಿದು, ಬಾಯಿ ತುಂಬ, ಎದೆ ಬಡಿದುಕೊಂಡು ಅತ್ತಳು. ಅವನನ್ನು ಹೆತ್ತದ್ದು, ಹಾಲು ಬಿಡಿಸಿದ್ದು, ಕಣಿವೆಗೆ ಕಳಿಸಿದ ದಿನ ಅವನು ಹಿಂದೆ ತಿರುಗಿ ನೋಡದೆ ಹೋದದ್ದು, ಎಲ್ಲವನ್ನೂ ಹಾಡಿ ಅತ್ತಳು. ಹತ್ತು ಮಾರು ದೂರದಲ್ಲಿ ಅವಳನ್ನು ಹುಡುಕುತ್ತಿದ್ದವನು ನಿಂತಿದ್ದ. ಅವನಿಗೆ ಅವಳು ಕೇಳಿಸಲಿಲ್ಲ.

ಚಾಟಿ ಬೀಸಿದರು. ನನ್ನ ಎಡ ಹೆಗಲಿನಲ್ಲಿ ಇವತ್ತಿಗೂ ಗುರುತಿದೆ, ಮಳೆ ಬರುವ ಮುಂಚೆ ನೋಯುತ್ತದೆ. ಹೊಡೆದಷ್ಟೂ ಅಳು ಏರಿತು. ಅಸ್ಕಾರಿಗಳಲ್ಲಿ ಕೆಲವರು ಚಾಟಿ ಕೆಳಗಿಟ್ಟು ಬೇರೆ ಕಡೆ ನೋಡುತ್ತಾ ನಿಂತರು, ಅವರಿಗೂ ಎಲ್ಲೋ ತಾಯಂದಿರು. ಕೊನೆಗೆ ಬೂಟಿನ ಸಾಹೇಬ ಎರಡೂ ಕಿವಿ ಮುಚ್ಚಿಕೊಂಡು, ಲಾಕೆಚ್‌ಳನ್ನು ಎಳೆಸಿಕೊಂಡು ಗುಡ್ಡ ಹತ್ತಿದ. ಹೆಣ ಬಿದ್ದಲ್ಲೇ ಇತ್ತು. ನಾವು ಹೊದಿಕೆಗಳನ್ನು ಗಂಟು ಹಾಕಿ, ಅದರಲ್ಲಿ ಶಿಬೇಶಿಯನ್ನು ಮಲಗಿಸಿ, ಹಗಲಲ್ಲೇ, ಊರ ನಡುವಿನ ದಾರಿಯಲ್ಲೇ ಹೊತ್ತು ಮರಿಯಮ್ಮನ ಚರ್ಚಿಗೆ ಹೋದೆವು. ಪಾದ್ರಿ ಹೆದರುತ್ತಾ ಬಾಗಿಲು ತೆಗೆದ. ನಮ್ಮ ಮುಖ ನೋಡಿದ ಮೇಲೆ ನಮಗೇ ಹೆಚ್ಚು ಹೆದರಿದ. ಚರ್ಚಿನ ಅಂಗಳದಲ್ಲೇ ಶಿಬೇಶಿಯನ್ನು ಹೂಳಿದೆವು.

ಮಾರನೆಯ ದಿನ ಸಿಟ್ಟಿಗೆ ಆರು ಮನೆ ಸುಟ್ಟರು. ಕಣ್ಣು ಮುಚ್ಚಿ ಕಲ್ಲೆಸೆದ ಹಾಗೆ. ನನ್ನದೂ ಹೋಯಿತು, ಇಪ್ಪತ್ತು ಗಡಿಗೆ ತೆಲ್ಲಾದ ಸಮೇತ. ಊರಿನ ಕೊನೆಯ ಮನೆ ಉಳಿಯಿತು. ಕೂಸು ಉಳಿಯಿತು. ಕಣಿವೆಗೆ ಉಪ್ಪು ಹೋಗುವುದು ಒಂದು ದಿನವೂ ನಿಲ್ಲಲಿಲ್ಲ.

ಲಾಕೆಚ್‌ಳನ್ನು ಹನ್ನೊಂದು ದಿನ ಕೋಟೆಯಲ್ಲಿಟ್ಟುಕೊಂಡು ಬಿಟ್ಟರು. ತೆಸ್ಸೆಮಾ ಹೇಳಿದ ಆ ಎರಡು ಮಾತೇ ಅವಳ ಜೀವ ಉಳಿಸಿದ್ದು. ಇವಳಿಗೆ ಹುಚ್ಚು, ಎಂದಿದ್ದನಂತೆ. ನಾನು ಅದನ್ನು ಅವಳಿಗೆ ಹೇಳಿದಾಗ ಮುದುಕಿ ಮೆಣಸಿನಪುಡಿ ಜರಡಿ ಹಿಡಿಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ಹೇಳು ಅಂದದ್ದನ್ನ ಹೇಳಲಿಲ್ಲ" ಎಂದಳು, ಅಷ್ಟೇ. ಸಾಯುವವರೆಗೆ ಅಂಚನ್ನು ಕೊರಳಿನಿಂದ ಇಳಿಸಲಿಲ್ಲ. ನಾವೂ ಅವಳನ್ನು ಕ್ಷೇಮ ಕೇಳಲಿಲ್ಲ. ತೆಸ್ಸೆಮಾ ಒಮ್ಮೆ ಅವಳ ಬಾಗಿಲಿಗೆ ಬಂದು ಚೆನ್ನಾಗಿದೀಯಾ ಅವ್ವಾ ಎಂದು ಕೇಳಿದನಂತೆ. ಅವಳು ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟು, ತಲೆ ತಗ್ಗಿಸಿ, ಒಳಗೆ ಹೋದಳಂತೆ.

ನಲವತ್ತನೆಯ ದಿನದ ಪ್ರಾರ್ಥನೆ ಮುಗಿದ ಮಾರನೆಯ ಬೆಳಿಗ್ಗೆ ನಾನು ಕೋಟೆಯ ಬಾಗಿಲ ಮುಂದಿನ ದಾರಿಯಲ್ಲಿ ಹೋಗುತ್ತಿದ್ದೆ. ಎದುರಿಗೆ ಅಸ್ಕಾಲೆ, ತಲೆಯ ಮೇಲೆ ಸೊಪ್ಪಿನ ಬುಟ್ಟಿ. ಬೂಟಿನ ಸಾಹೇಬ ಬಾಗಿಲಲ್ಲಿ ತನ್ನ ದೊರೆಯ ಚಿತ್ರದ ಕೆಳಗೆ ನಿಂತು ಬೂಟು ಒರೆಸಿಸಿಕೊಳ್ಳುತ್ತಿದ್ದ, ದುಭಾಷಿ ಜೊತೆಗಿರಲಿಲ್ಲ. ಅಸ್ಕಾಲೆ ಅವನನ್ನು ನೋಡಿದಳು. ಬುಟ್ಟಿಯನ್ನು ಅವನ ಎದುರಿಗೇ ಇಳಿಸಿದಳು. ಇಳಿಸಿ, ಅಷ್ಟೂ ದಿನದ ಬಾಕಿ ತೀರಿಸುವವಳಂತೆ ದೊಡ್ಡ ಗಂಟಲಿನಲ್ಲಿ ಶುರು ಮಾಡಿದಳು. ರಾತ್ರಿ ಚೆನ್ನಾಗಿ ಕಳೆಯಿತಾ ಬೆಲಾಯ್ನೆಶ್, ನೀನು ಚೆನ್ನಾಗಿದೀಯಾ, ಕೋಳಿಗಳು, ಹೆಗಲು, ಮನೆ?

"ಮನೆ ಸುಟ್ಟೋಯ್ತು. ಚೆನ್ನಾಗಿದೆ, ದೇವರ ದಯ" ಎಂದೆ.

ಈಗ ನನ್ನ ಸರದಿ. ಹಸು ಕೇಳಿದೆ, ಹೇಸರಗತ್ತೆ ಕೇಳಿದೆ, ಸೊಸೆಯನ್ನೂ ಕೂಸನ್ನೂ ಕೇಳಿದೆ. ನಾಲಿಗೆ ತಡವರಿಸಿತು. ಅಸ್ಕಾಲೆ ಕಾಯುತ್ತಾ ನಿಂತಳು, ಮುಂದಿನದನ್ನು ಬಿಡಲು ಅವಳು ತಯಾರಿರಲಿಲ್ಲ.

"ಗಂಡುಮಕ್ಕಳು ಚೆನ್ನಾಗಿದಾರಾ?" ಎಂದು ಕೇಳಿದೆ.

ಅವಳು ಬಗ್ಗಿ ಬುಟ್ಟಿ ಎತ್ತಿ ತಲೆಯ ಮೇಲಿಟ್ಟುಕೊಂಡಳು. ಸಾಹೇಬನ ಕಡೆ ಮುಖ ಮಾಡಿಕೊಂಡೇ ಹೇಳಿದಳು.

"ಒಬ್ಬ ಮರಿಯಮ್ಮನ ಅಂಗಳದಲ್ಲಿದಾನೆ. ಒಬ್ಬ ಕಣಿವೇಲಿದಾನೆ. ಇಬ್ಬರೂ ಚೆನ್ನಾಗಿದಾರೆ."